ಕುಂಬಾರ ಹುಳ ತಂದ ಕೂಸು

ವಿಜಾಪುರ
೧೪ ಜೂನ್ ೧೯೮೬

ಚಿ. ಸೌ. ಮೋಹಿನಿಗೆ ನಿನ್ನ ಅತ್ತೆ ಬಸಲಿಂಗವ್ವ ಮಾಡುವ ಆಶೀರ್ವಾದ. ಇಲ್ಲಿ ಎಲ್ಲರೂ ಆರಾಮ ಇದ್ದೇವೆ ಎಂದು ಬರೆದರೆ ಸುಳ್ಳಾಗುತ್ತದೆ. ಕಾಂತಪ್ಪನ ಕಾಗದ ಬಂದ ದಿನದಿಂದ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ.

ನೀವಿಬ್ಬರೂ ಅನಾಥಾಶ್ರಮದಿಂದ ಆರು ವರ್ಷದ ಹೆಣ್ಣುಕೂಸನ್ನು ಮನೆಗೆ ತಂದಿದ್ದೀರಿ, ದತ್ತಕಕ್ಕೆ ಕೋರ್ಟಿನಲ್ಲಿ ಅರ್ಜಿ ಹಾಕಿದ್ದೀರಿ ಎಂದು ನನ್ನ ಮಗ ಬರೆದಿದ್ದಾನೆ. ಹೇಳದೆ ಕೇಳದೆ! ನಿನ್ನ ಮಡಿಲು ತುಂಬಲಿ ಎಂದು ನಾನು ಹಿಡಿಯದ ಸೋಮವಾರವಿಲ್ಲ, ಸುತ್ತದ ಗದ್ದುಗೆಯಿಲ್ಲ. ತರುವ ಮೊದಲು ನನಗೊಂದು ಕಾರ್ಡು ಗೀಚಲು ನಿನಗೆ ಕೈ ಬರಲಿಲ್ಲವೇ?

ನಿನ್ನ ಭಾವ ಮುರಿಗೆಪ್ಪ ಅಂಗಡಿಯಿಂದ ಬಂದವನೇ ಕಾಗದ ಓದಿ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಮೂಲೆಗೆ ಒಗೆದ. "ಸಗಣ್ಯಾಗ ಚೇಳು ತಾನ ಹುಟ್ಟತೈತಿ, ಅದನ್ನ ಯಾರೂ ಹಡಿಯೂದು ಬೇಕಾಗಿಲ್ಲ. ಇದನ್ನ ಯಾವ ತಿಪ್ಪಿ ಮ್ಯಾಲಿಂದ ಆರಿಸಿ ತಂದಾರೋ ಏನೋ! ನಮ್ಮ ಹೊಸ್ತಿಲಾ ದಾಟಬಾರದು" ಎಂದ. ನನಗೆ ಮೈಯೆಲ್ಲ ಉರಿಯಿತು. "ಚೇಳಿನ ಹುಟ್ಟು ಗೊತ್ತಿದ್ದವಗ ಕುಂಬಾರ ಹುಳದ ಹುಟ್ಟು ಗೊತ್ತಿಲ್ಲೇನೋ?" ಎಂದು ಬಾಯಿ ಮುಚ್ಚಿಸಿದೆ.

ನೀನು ಸೈನ್ಸ್ ಟೀಚರು, ನಿನಗೂ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ ಕೇಳು. ಕೆಸರು ತಂದು ಗೋಡೆಗೆ ಸಣ್ಣ ಗಡಿಗೆಯಂಥ ಗೂಡು ಕಟ್ಟುತ್ತದಲ್ಲ, ಆ ಕುಂಬಾರ ಹುಳ ತಾನು ಹಡೆಯುವುದಿಲ್ಲ. ಎಲ್ಲಿಯದೋ ಒಂದು ಹಸಿರು ಹುಳವನ್ನು ಕಚ್ಚಿ ತಂದು ಗೂಡಿನೊಳಗೆ ಇಡುತ್ತದೆ. ಗೂಡಿನ ಬಾಯಿ ಮುಚ್ಚಿ, ಹೊರಗೆ ಕೂತು, ಗುಂಯ್ ಗುಂಯ್ ಎಂದು ಅದರ ಕಿವಿಯಲ್ಲಿ ಊದುತ್ತದೆ. ಹಗಲೂ ರಾತ್ರಿ ಅದನ್ನೇ ಕೇಳಿ ಕೇಳಿ ಹುಳಕ್ಕೆ ತಾನು ಹುಳವೆಂಬುದು ಮರೆತುಹೋಗುತ್ತದೆ. ಒಂದು ದಿನ ರೆಕ್ಕೆ ಮೂಡಿ, ಗೂಡು ಒಡೆದು, ತಾನೂ ಕುಂಬಾರ ಹುಳವಾಗಿ ಹಾರುತ್ತದೆ. ಮಠದ ಪುರಾಣದಲ್ಲಿ ನಾನು ಸಣ್ಣವಳಿದ್ದಾಗಿನಿಂದ ಕೇಳಿದ್ದು ಇದು. ನಮ್ಮ ಮುತ್ತಜ್ಜಂದಿರೂ ಇದನ್ನೇ ಕೇಳಿ ಹೋದರು.

ಹಾಗೆ ನೀನು ಮಾಡಬೇಕು. ಆ ಕೂಸಿನ ಹಳೆಯ ಹೆಸರು ಏನಿದ್ದರೂ ಇವತ್ತಿಗೇ ಬಿಡಿಸು. ಶರಣವ್ವ ಎಂದು ಕರೆಯಿರಿ. ಅದು ನನ್ನ ಅತ್ತೆಯ ಹೆಸರು ಎಂದ ಮೇಲೆ ಮುರಿಗೆಪ್ಪನೂ ಸುಮ್ಮನಾದ. "ನೀ ನಮ್ಮ ಮನಿ ಕೂಸು, ಇಲ್ಲೇ ಹುಟ್ಟೀದಿ" ಎಂದು ದಿನಾ ಕಿವಿಯಲ್ಲಿ ಹೇಳು. ಶ್ರಾವಣದ ಕಡೆಯ ಸೋಮವಾರ ಇಲ್ಲಿಗೆ ಕರೆತನ್ನಿ. ಅಯ್ಯನವರು ಲಿಂಗ ಕಟ್ಟುತ್ತಾರೆ, ನಾನೇ ಹೆಸರು ಕರೆಯುತ್ತೇನೆ. ಆಮೇಲೆ ಯಾವನು ಬಾಯಿ ತೆಗೆಯುತ್ತಾನೋ ನಾನು ನೋಡಿಕೊಳ್ಳುತ್ತೇನೆ.


ಗೋರೆಗಾಂವ್, ಮುಂಬಯಿ
೨೯ ಜೂನ್ ೧೯೮೬

ಪೂಜ್ಯ ಅತ್ತೆಯವರಿಗೆ ಮೋಹಿನಿಯ ಶರಣುಗಳು.

ನಿಮ್ಮ ಕಾಗದವನ್ನು ಇವರು ಎರಡು ಸಲ ಓದಿದರು. ನೀವು ನಮ್ಮ ಪರ ನಿಂತಿರಿ ಎಂದು ಕಣ್ಣೊರೆಸಿಕೊಂಡರು. ನಾನೂ ಋಣಿ. ಆದರೆ ಭಾವನವರ ಚೇಳಿನ ಮಾತು ನನ್ನ ಗಂಟಲಿನಿಂದ ಕೆಳಗಿಳಿಯುತ್ತಿಲ್ಲ. ಅವರು ಹೇಳಿದ್ದನ್ನೇ ನಮ್ಮ ಬಿಲ್ಡಿಂಗಿನ ಸೆಕ್ರೆಟರಿಯ ಹೆಂಡತಿ ಮರಾಠಿಯಲ್ಲಿ ಹೇಳಿದಳು, ಅದೂ ಮಗುವಿನ ಎದುರಿಗೆ. ಮಗು ಮರಾಠಿಯವಳು, ಅವಳಿಗೆ ಪ್ರತಿ ಅಕ್ಷರ ತಿಳಿಯುತ್ತದೆ. ನಾನು ಮೆಟ್ಟಿಲ ಮೇಲೆಯೇ ನಿಂತು ಆಕೆಯ ಜೊತೆ ಜಗಳ ಮಾಡಿದೆ. ಈಗ ನಮ್ಮನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾಳೆ, ಒಳ್ಳೆಯದೇ ಆಯಿತು.

ಮಗುವಿನ ಬಗ್ಗೆ ನೀವು ಒಂದನ್ನೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಎಣ್ಣೆಗೆಂಪು ಮೈ, ದೊಡ್ಡ ಹಣೆ. ಜೋಳದ ರೊಟ್ಟಿ ತಟ್ಟುವ ಸದ್ದು ಕೇಳಿದರೆ ಎಲ್ಲಿದ್ದರೂ ಓಡಿ ಬರುತ್ತಾಳೆ. ತಲೆ ತುಂಬ ಹೇನು. ಬಂದ ಹೊಸದರಲ್ಲಿ ನಾನು ಬಾಚುತ್ತಾ ಕೂತರೆ ಬಾಯಿಗೆ ಬಿಡುವಿಲ್ಲದೆ ಮಾತಾಡುತ್ತಿದ್ದಳು. ಹೆಸರು ಧೋಂಡೂ. ತಾಯಿ ಇವಳನ್ನು ಆಶ್ರಮದ ಗೇಟಿನಲ್ಲಿ ಕೂರಿಸಿ ಹೋದವಳು ಮತ್ತೆ ಬರಲಿಲ್ಲವಂತೆ.

ನೀವು ಹೇಳಿದಂತೆ ಶರಣವ್ವ ಎಂದು ಕರೆಯಲು ಶುರು ಮಾಡಿದ್ದೇವೆ. ಫೋರ್ಟಿನ ಬ್ಯಾಂಕಿನಿಂದ ಬಂದ ಕೂಡಲೇ ಇವರು ಅವಳನ್ನು ಎದುರಿಗೆ ಕೂರಿಸಿಕೊಂಡು "ನಿನ್ನ ಹೆಸರೇನವಾ? ಶರಣವ್ವ. ಎಲ್ಲಿ ಹುಟ್ಟೀದಿ? ಇಲ್ಲೇ" ಎಂದು ಪಾಠ ಒಪ್ಪಿಸಿಕೊಳ್ಳುತ್ತಾರೆ. ಅವಳು ತಲೆಯಾಡಿಸುತ್ತಾಳೆ. ಈ ವಾರದಿಂದ ತುಂಬ ಸುಮ್ಮನಾಗಿದ್ದಾಳೆ. ಶಾಲೆಯ ಕೆಲಸ ಬಹಳ ಇದೆ, ಇಷ್ಟಕ್ಕೆ ನಿಲ್ಲಿಸುತ್ತೇನೆ.


ವಿಜಾಪುರ
೧೨ ಜುಲೈ ೧೯೮೬

ಚಿ. ಸೌ. ಮೋಹಿನಿಗೆ ಆಶೀರ್ವಾದ. ಸುಮ್ಮನಾಗಿದ್ದಾಳೆ ಎಂದು ಓದಿ ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು! ಹುಳ ಒದ್ದಾಡುವುದು ನಿಲ್ಲಿಸಿತು ಎಂದರೆ ಕೆಲಸ ಹಿಡಿಯಿತು ಎಂದೇ ಅರ್ಥ. ಇನ್ನು ರೆಕ್ಕೆ ಮೂಡುವುದಕ್ಕೆ ಕಾಯಬೇಕು. ಈಗ ನಡುವೆ ಕೈ ಬಿಟ್ಟು ಕೆಡಿಸಬೇಡ.

ಹೇನಿಗೆ ಬಾಚಣಿಕೆ ಒಂದರಿಂದಲೇ ಏನೂ ಆಗುವುದಿಲ್ಲ. ಹೇನು ಬೆವರಿನಿಂದ ಹುಟ್ಟುವುದು. ದಿನಾ ತಲೆಗೆ ನೀರು ಹಾಕಿ ಒಣಗಿಸು, ಹುಟ್ಟುವುದೇ ನಿಲ್ಲುತ್ತದೆ. ಮುಂಬಯಿಯ ಸೆಕೆಯಲ್ಲಿ ಮಕ್ಕಳನ್ನು ಒಂದರ ಮೇಲೊಂದು ಒಟ್ಟಿದ್ದರೆ ಆಗುವುದೇ ಹಾಗೆ.

ಇನ್ನೊಂದು ಮಾತು, ನೀನು ಆ ಹೆಸರನ್ನು ಕಾಗದದಲ್ಲಿ ಬರೆದಿದ್ದೀಯಲ್ಲ, ಅದನ್ನು ಮುರಿಗೆಪ್ಪ ಗಟ್ಟಿಯಾಗಿ ಓದಿ ನಕ್ಕ. ನಾನು ಅಲ್ಲಿಂದ ಎದ್ದು ಹೋದೆ. ಮತ್ತೆ ಬರೆಯಬೇಡ. ಮನೆಯೊಳಗೆ ಯಾರ ಬಾಯಲ್ಲೂ ಅದು ಬರಬಾರದು, ಅವಳ ಬಾಯಲ್ಲೂ. ಬಂದರೆ ಒಮ್ಮೆ ಗದರಿಸು. ಹೆಸರಿಡುವ ತೊಟ್ಟಿಲಿಗೆ ಹೊಸ ಹಗ್ಗ ಹೇಳಿ ಮಾಡಿಸಿದ್ದೇನೆ. ಆರು ವರ್ಷದವಳು ತೊಟ್ಟಿಲಲ್ಲಿ ಹಿಡಿಸುವುದಿಲ್ಲ ಎಂದು ನಗಬೇಡ, ಕಾಲು ಹೊರಗೆ ಬಿಟ್ಟುಕೊಂಡು ಕೂತರೂ ನಡೆಯುತ್ತದೆ.


ಗೋರೆಗಾಂವ್
೩ ಆಗಸ್ಟ್ ೧೯೮೬, ರವಿವಾರ

ಅತ್ತೆಯವರಿಗೆ,

ಇವತ್ತು ಮೊದಲು ಸಿಟ್ಟು, ಕ್ಷೇಮ ಸಮಾಚಾರ ಆಮೇಲೆ.

ನಿನ್ನೆ ಸಂಜೆ ದಾದರಿನಲ್ಲಿ ಅವಳಿಗೆ ಛತ್ರಿ ಕೊಂಡು ಲೋಕಲ್ಲಿನಲ್ಲಿ ಬಂದೆವು. ಗೋರೆಗಾಂವ್ ಸ್ಟೇಶನ್ನಿನ ಸೇತುವೆಯ ಮೇಲೆ ಜನರ ನೂಕುನುಗ್ಗಲಿಗೆ ಅವಳ ಕೈ ನನ್ನ ಕೈಯಿಂದ ಜಾರಿತು. ತಿರುಗಿ ನೋಡಿದರೆ ಮಗು ಇಲ್ಲ. ನಿಮ್ಮ ಮಗ "ಶರಣವ್ವಾ, ಶರಣವ್ವಾ" ಎಂದು ಪ್ಲಾಟ್‌ಫಾರ್ಮ್ ತುಂಬ ಕೂಗುತ್ತಾ ಓಡಿದರು. ಸ್ಟೇಶನ್ನಿನವರು ಮೈಕಿನಲ್ಲಿ ಕೂಗಿದರು, ಶರಣವ್ವ ಎಂಬ ಹುಡುಗಿ ಎಲ್ಲಿದ್ದರೂ ಬರಬೇಕು ಎಂದು. ಅವಳು ತೂಕದ ಮಷೀನಿನ ಪಕ್ಕದಲ್ಲಿ, ಆ ಮೈಕಿನ ಕೆಳಗೇ ಕೂತಿದ್ದಳು. ಎಲ್ಲವೂ ಅವಳ ಕಿವಿಗೆ ಬೀಳುತ್ತಿತ್ತು. ಯಾರನ್ನೋ ಕರೆಯುತ್ತಿದ್ದಾರೆ ಎಂದು ಸುಮ್ಮನೆ ಕೂತಿದ್ದಳು!

ಒಬ್ಬ ಹವಾಲ್ದಾರ ಬಗ್ಗಿ ಹೆಸರು ಕೇಳಿದನಂತೆ. ಅವಳು ಬಾಯಿ ಬಿಡಲಿಲ್ಲ. ಹೇಗೆ ಬಿಡಬೇಕು ಅತ್ತೆ? ಹಳೆಯದನ್ನು ಹೇಳಿದರೆ ಗದರಿಸುತ್ತೇವೆ. ಹೊಸದು ಅವಳದ್ದಲ್ಲ. ಅವನು ಮಗು ಮೂಕಿ ಎಂದುಕೊಂಡು ಕೈ ಹಿಡಿದು ಚೌಕಿಗೆ ಕರೆದೊಯ್ಯುತ್ತಿದ್ದ. ನನಗೆ ದೂರದಿಂದ ಅವಳ ಹಳದಿ ಫ್ರಾಕು ಕಂಡಿತು. ಗಂಟಲು ಹರಿಯುವಂತೆ "ಧೋಂಡೂ!" ಎಂದು ಕಿರುಚಿದೆ. ತಟ್ಟನೆ ತಿರುಗಿದಳು. ಓಡಿ ಬಂದು ನನ್ನ ಸೀರೆಯಲ್ಲಿ ಮುಖ ಮುಚ್ಚಿಕೊಂಡಳು. ಆದರೂ ಒಂದು ಮಾತಿಲ್ಲ. ಈ ಮಗು ಮಾತಾಡಿ ಎಷ್ಟು ದಿನವಾಯಿತು ಎಂದು ನನಗೆ ಆಗ ಹೊಳೆಯಿತು.

ನೀವು ಅದನ್ನು ಕೆಲಸ ಹಿಡಿಯಿತು ಎಂದು ಬರೆದಿರಿ. ಹೌದು, ಹಿಡಿಯಿತು. ಏನು ಹಿಡಿಯಿತು ಎಂದು ಕೇಳಿ. ಹೋದ ವಾರ ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಕುಂಬಾರ ಹುಳ ಗೂಡು ಕಟ್ಟಿತ್ತು. ನಿಮ್ಮ ಕಾಗದ ನೆನೆದು ಕೆಡವಬಾರದೆಂದು ಬಿಟ್ಟಿದ್ದೆ. ಇವತ್ತು ಬೆಳಿಗ್ಗೆ ತಲೆಗೂದಲ ಪಿನ್ನಿನಿಂದ ಒಡೆದೆ. ಒಳಗೆ ಮೂರು ಹಸಿರು ಹುಳಗಳು ಇಕ್ಕಟ್ಟಾಗಿ ಬಿದ್ದಿದ್ದವು. ಸತ್ತಿರಲಿಲ್ಲ, ಮುಟ್ಟಿದರೆ ಕಂಪಿಸುತ್ತಿದ್ದವು. ಆದರೆ ಒಂದಕ್ಕೂ ಅಲುಗಾಡಿ ಹೋಗುವ ಶಕ್ತಿ ಇರಲಿಲ್ಲ. ಕುಂಬಾರ ಹುಳ ಅವುಗಳನ್ನು ಕುಟುಕಿಯೇ ಹಾಗೆ ಮಾಡಿ ತರುತ್ತದೆ. ಅದಕ್ಕೆ ತನ್ನದೇ ಮೊಟ್ಟೆ ಇದೆ, ತನ್ನದೇ ಮರಿ ಇದೆ. ಆ ಬಿಳಿ ಮರಿ ಒಂದು ಹುಳದ ಹೊಟ್ಟೆಗೆ ಬಾಯಿ ಹಾಕಿ ತಿನ್ನುತ್ತಿತ್ತು. ಇದನ್ನು ನಾನು ಕಾಲೇಜಿನಲ್ಲೇ ಓದಿದ್ದೆ, ಎಂಟನೆಯ ಇಯತ್ತೆಗೆ ಪಾಠವನ್ನೂ ಮಾಡುತ್ತೇನೆ. ನಿಮ್ಮ ಮನಸ್ಸಿಗೆ ನೋವಾಗಬಾರದೆಂದು ಬಾಯಿ ಮುಚ್ಚಿಕೊಂಡಿದ್ದೆ.

ಗೂಡು ಒಡೆದು ಹಾರುವುದು ತಂದ ಹುಳವಲ್ಲ ಅತ್ತೆ, ಅದನ್ನು ತಿಂದು ಕೊಬ್ಬಿದ್ದು. ನನ್ನ ಮಗಳ ಕಿವಿಯಲ್ಲಿ ಇನ್ನು ಯಾರೂ ಗುಂಯ್ ಅನ್ನುವುದು ಬೇಡ. ನೀವೂ ಬೇಡ, ನಿಮ್ಮ ಮಗನೂ ಬೇಡ. ಶ್ರಾವಣಕ್ಕೆ ನಾವು ಬರುವುದಿಲ್ಲ. ತೊಟ್ಟಿಲ ಹಗ್ಗವನ್ನು ಬಾವಿಗೆ ಕಟ್ಟಿಕೊಳ್ಳಿ.


ವಿಜಾಪುರ
೧೨ ಆಗಸ್ಟ್ ೧೯೮೬

ಮೋಹಿನಿಗೆ,

ಪುರಾಣ ಹೇಳಿದವರು ಸುಳ್ಳು. ಕೂತು ಕೇಳಿದವರು ಸುಳ್ಳು. ನಿಮ್ಮ ಸಾಲಿ ಪುಸ್ತಕ ಒಂದೇ ಖರೆ! ಭಾಳ ಶಾಣ್ಯಾಕಿ ಆಗೀದಿ. ಹೆತ್ತ ಮಗನನ್ನು ಎದುರು ಹಾಕಿಕೊಂಡು ನಿಮ್ಮ ಪರ ಮಾತಾಡಿದ ನನಗೆ, ಕೂಸನ್ನು ತಿನ್ನುವವಳು ಎಂದು ಬರೆದಿದ್ದೀಯ. ಅಕ್ಷರ ಕಲಿಸಿದ್ದಕ್ಕೆ ನಿನ್ನ ಅಪ್ಪನಿಗೆ ಒಂದು ನಮಸ್ಕಾರ.

ನಾನೂ ಈ ಮನೆಗೆ ಹೊರಗಿನಿಂದ ತಂದವಳೇ. ನನ್ನ ಕಿವಿಯಲ್ಲೂ ಊದಿದರು, ನಾನೂ ಅಳುವುದು ಬಿಟ್ಟು ಸುಮ್ಮನಾದೆ. ಬಸಲಿಂಗವ್ವ ಆಗಲಿಲ್ಲವೇ? ನಾಲ್ಕು ಮಕ್ಕಳನ್ನು ಹಡೆಯಲಿಲ್ಲವೇ? ನನ್ನನ್ನು ಯಾರು ತಿಂದರು? ನನಗೇನಾಗಿದೆ ಹೇಳು?

ಗೂಡು ಒಡೆಯಬಾರದು. ಹೊತ್ತಿಗೆ ಮೊದಲೇ ಒಡೆದರೆ ಒಳಗೆ ಅರ್ಧಂಬರ್ಧ ಕಾಣುವುದೇ ಸರಿ. ನೀನು ತಡೆದಿದ್ದರೆ ರೆಕ್ಕೆ ಕಾಣುತ್ತಿದ್ದೆ. ಕಡೆಯ ಸೋಮವಾರಕ್ಕೆ ಬರುವುದಿದ್ದರೆ ಬನ್ನಿ, ಇಲ್ಲವಾದರೆ ಇನ್ನು ನನಗೆ ಕಾಗದ ಬೇಡ.


ಗೋರೆಗಾಂವ್
೧೪ ಸೆಪ್ಟೆಂಬರ್ ೧೯೮೬

ಪೂಜ್ಯ ಅತ್ತೆಯವರಿಗೆ ಶರಣುಗಳು.

ಕಾಗದ ಬೇಡ ಎಂದಿರಿ, ಆದರೂ ಬರೆಯುತ್ತಿದ್ದೇನೆ. ಇವರು ಊಟ ಮಾಡುವಾಗ ತಟ್ಟೆ ನೋಡುತ್ತಾ ಕೂತಿರುತ್ತಾರೆ. ಅವ್ವ ಮಾತು ಬಿಟ್ಟಳು ಎಂದು ನನಗೇ ಸಿಡುಕುತ್ತಾರೆ. ನಾನೇನು ಮಾಡಲಿ? ಮಗು ಮಾತಾಡಬೇಕಿತ್ತು, ಮಾತಾಡಿದಳು. ಗಣಪತಿ ಹಬ್ಬದಲ್ಲಿ ಬಿಲ್ಡಿಂಗಿನ ಮಕ್ಕಳು ಆರತಿಗೆ ತಾಳ ಹಾಕುತ್ತಿದ್ದರು. ಅವಳೂ ಒಂದು ತಾಳ ಕಸಿದುಕೊಂಡಳು. "ತೂ ಕೋಣ್?" ನೀನು ಯಾರು ಎಂದು ಒಬ್ಬ ಹುಡುಗಿ ಕೇಳಿದ್ದಕ್ಕೆ, "ಮೀ ಧೋಂಡೂ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಅವತ್ತಿನಿಂದ ಬಾಯಿ ಮುಚ್ಚಿಲ್ಲ. ಅರ್ಧ ಮರಾಠಿ, ಅರ್ಧ ನಮ್ಮ ಮಾತು. ನನ್ನನ್ನು ಯಾರೋ ಹೆಂಗಸನ್ನು ಕರೆಯುವಂತೆ "ಏ ಬಾಈ" ಅನ್ನುತ್ತಾಳೆ. ಅವ್ವ ಅನ್ನು ಎಂದು ನಾನು ಹೇಳಿಲ್ಲ.

ಈಗ ಇನ್ನೊಂದು ವಿಷಯ. ನವೆಂಬರಿನಲ್ಲಿ ಕೋರ್ಟಿನ ತಾರೀಖು ಇದೆ. ಮಗುವಿನ ಹೆಸರು ಏನೆಂದು ಬರೆಸುತ್ತೀರಿ ಎಂದು ವಕೀಲರು ಕೇಳಿದ್ದಾರೆ. ಅಲ್ಲಿ ಬರೆಸಿದ್ದೇ ಶಾಶ್ವತ. ನಿಮ್ಮ ಶರಣವ್ವ ಬೇಡ ಎಂದು ತೀರ್ಮಾನಿಸಿದ್ದೇವೆ. ಆದರೆ ಧೋಂಡೂ ಎಂದು ಬರೆಸಲು ನನಗೂ ಕೈ ಬರುತ್ತಿಲ್ಲ. ಅದರ ಅರ್ಥ ಕಲ್ಲು ಎಂದು ಶಾಲೆಯ ಮರಾಠಿ ಟೀಚರು ಹೇಳಿದರು. ಕೇಳಿ ನನ್ನ ರಕ್ತ ಕುದಿಯಿತು. ಹೆತ್ತ ಹೆಣ್ಣು ಮಗುವಿಗೆ ಕಲ್ಲು ಎಂದು ಹೆಸರಿಡಲು ಎಂಥ ಎದೆ ಇರಬೇಕು! ಕಲ್ಲಿನಂತೆ ತಂದು ಗೇಟಿನಲ್ಲಿ ಇಟ್ಟು ಹೋದಳು, ತನ್ನ ಬುದ್ಧಿಗೆ ತಕ್ಕ ಹೆಸರನ್ನೇ ಇಟ್ಟಿದ್ದಾಳೆ. ಆ ಹೆಂಗಸಿನ ಬೈಗುಳವನ್ನು ನನ್ನ ಮಗಳು ಸಾಯುವ ತನಕ ಹೊರಬೇಕೇ? ಸುಮಿತ್ರಾ ಎಂದು ಬರೆಸೋಣ ಎಂದುಕೊಂಡಿದ್ದೇನೆ. ಚಂದದ ಹೆಸರು, ಶಾಲೆಯಲ್ಲಿ ಯಾರೂ ನಗುವುದಿಲ್ಲ. ನಿಧಾನವಾಗಿ ಅಭ್ಯಾಸ ಮಾಡಿಸಿದರೆ ಹಳೆಯದು ಮರೆಯುತ್ತಾಳೆ.

ನಿಮಗೆ ತಿಳಿಸುವುದು ನನ್ನ ಧರ್ಮ, ತಿಳಿಸಿದ್ದೇನೆ.


ವಿಜಾಪುರ
೧೮ ಅಕ್ಟೋಬರ್ ೧೯೮೬

ಮೋಹಿನಿ,

ಈ ಸಲ ಪುಸ್ತಕದ ಮಾತಿನಲ್ಲಿ ಬರೆಯುವ ತಾಳ್ಮೆ ನನಗಿಲ್ಲ. ಬಾಯಿಗೆ ಬಂದಂಗ ಬರೀತೀನಿ, ಓದಿಕೊ.

ದಸರಾಕ್ಕ ಮನಿ ಸಾರಸೂ ಮುಂದ ದೇವರ ಕ್ವಾಣ್ಯಾಗ ದೀಪ ಇಡೂ ಮಾಡದ ಕೆಳಗ ಒಂದು ಗೂಡು ಸಿಕ್ತು. ನನ್ನ ಜನ್ಮದಾಗ ನಾ ಒಂದ ಗೂಡು ಒಡದಾಕಿ ಅಲ್ಲ. ನಿನ್ನ ಮ್ಯಾಲಿನ ಸಿಟ್ಟಿಗೆ ಒಡದೆ, ನಿನ್ನ ಸುಳ್ಳು ಮಾಡಬೇಕಂತನ. ಚಸ್ಮಾ ಹಾಕ್ಕೊಂಡು ಬಿಸಿಲಿಗೆ ಹಿಡದು ನೋಡಿದೆ. ನೀ ಬರದಂಗ ಇತ್ತು. ಒಂದು ಹುಳ ಅರ್ಧ ಇದ್ದಿಲ್ಲ. ಉಳದ ಅರ್ಧ ಇನ್ನೂ ನಡಗತಿತ್ತು. ನಾ ಅಲ್ಲೇ ನೆಲದ ಮ್ಯಾಲೆ ಕುಂತೆ. ಮುರಿಗೆಪ್ಪನ ಹೇಣತಿ ಬಂದು "ಯಾಕತ್ತಿ, ತಲಿ ಸುತ್ತತೇನು?" ಅಂದ್ಲು.

ನನ್ನ ಯಾರು ತಿಂದ್ರು ಅಂತ ನಿನಗ ಕೇಳಿದ್ನೆಲ್ಲ, ನೀ ಉತ್ತರ ಬರೀಲಿಲ್ಲ. ನಿನಗ ಗೊತ್ತಿದ್ರಲ್ಲ ಬರಿಯಾಕ. ಈ ಮನಿಗೆ ಬಂದಾಗ ನಾ ಒಂಬತ್ತು ವರ್ಷದಾಕಿ. ನನ್ನ ಅವ್ವ ಅಪ್ಪ ಇಟ್ಟ ಹೆಸರು ಶರಣವ್ವ. ಹೌದು, ನನ್ನ ಹೆಸರು! ಇಲ್ಲಿ ನೋಡಿದ್ರ ಅತ್ತಿ ಹೆಸರೂ ಶರಣವ್ವ. ಸೊಸಿಗೆ ಕಸ ಹೊಡಿ, ಮುಸರಿ ತಿಕ್ಕು ಅಂತ ಅತ್ತಿ ಹೆಸರ ಹಿಡದು ಕೂಗಾಕ ಬರತೈತೇನು? ಅದಕ ಮದುವಿ ಅಕ್ಷತಿ ಒಣಗೂದರಾಗ ನನ್ನ ಬಸಲಿಂಗವ್ವ ಮಾಡಿದ್ರು. ತವರುಮನಿಯವರಿಗೂ ಹಂಗ ಕರೀರಿ ಅಂದ್ರು, ಅವರೂ ಕರದ್ರು. ಅತ್ತಿ ಸತ್ತ ಮ್ಯಾಲರ ನನ್ನ ಹೆಸರು ನನಗ ತಿರುಗಿ ಕೊಟ್ಟಾರು ಅಂತ ಎಷ್ಟು ವರ್ಷ ಕಾದೀನಿ! ಯಾರಿಗೂ ನೆನಪ ಇರಲಿಲ್ಲ. ನಿನ್ನ ಮಾವಗೂ ಇರಲಿಲ್ಲ. ಬಾಯಿ ಬಿಟ್ಟು ಕೇಳಾಕ ನನಗ ನಾಚಿಕಿ.

ಆ ಕೂಸಿಗೆ ಶರಣವ್ವ ಅಂತ ಇಡ್ರಿ ಅಂದದ್ದು ಅತ್ತಿ ಮ್ಯಾಲಿನ ಭಕ್ತಿಗೆ ಅಲ್ಲ. ಈ ಮನ್ಯಾಗ ಆ ಹೆಸರು ಒಮ್ಮೆರ ಯಾರರ ಪ್ರೀತಿಲೆ ಕೂಗಲಿ, ನಾ ಕೇಳತೀನಿ ಅಂತಿತ್ತು. ಅದಕ ಆ ಸಣ್ಣ ಕೂಸಿನ ಬಾಯಿ ಕಟ್ಟಿದೆವಲ್ಲ ನಾವು! ಪುರಾಣದವರ ಮ್ಯಾಲೆ ನನಗ ಬಂದ ಸಿಟ್ಟು ಇಷ್ಟಿಷ್ಟಲ್ಲ. ಇಷ್ಟು ಮಂದಿ ಕುಂತು ಹೇಳ್ಯಾರ, ಇಷ್ಟು ಮಂದಿ ಕುಂತು ಕೇಳೀವಿ. ಒಬ್ಬಾಕೆರ ಎದ್ದು ಒಂದು ಗೂಡು ಒಡದು ನೋಡಬಾರದಿತ್ತೇನ?

ಅದಾತು. ಈಗ ನಿನ್ನ ಸರದಿ. ಸುಮಿತ್ರಾ ಅಂತ ಬರಸತೀಯಂತ? ಹಳೇದು ಮರೀತಾಳಂತ? ನನಗ ಬೈದು ನನ್ನ ಗೂಡನ್ನ ನೀ ಕಟ್ಟಾಕ ನಿಂತೀಯೇನ? ಮ್ಯಾಲೆ ಆ ತಾಯಿಗೆ ಬಾಯಿಗೆ ಬಂದಂಗ ಬರದೀದಿ. ಓದಿ ನಿನ್ನ ಕಪಾಳಕ್ಕ ಹೊಡೀಬೇಕು ಅನ್ನಿಸ್ತು, ಖರೆ ಹೇಳತೀನಿ. ಇಷ್ಟು ಕಲತಾಕಿ, ನಿನಗ ಧೋಂಡೂ ಅಂದ್ರ ಏನಂತ ತಿಳೀಲಿಲ್ಲಲ್ಲ! ನಮ್ಮ ಕಡೆ ಕಲ್ಲವ್ವ ಅಂತಾರ, ಗುಂಡವ್ವ ಅಂತಾರ, ತಿಪ್ಪವ್ವ ಅಂತಾರ. ಹುಟ್ಟಿದ್ದು ಹುಟ್ಟಿದಂಗ ಮಣ್ಣಿಗೆ ಹೋದ ಮ್ಯಾಲೆ, ಇದೊಂದರ ಉಳೀಲಿ ಅಂತ ತಾಯಿ ಇಡೂ ಹೆಸರು ಅದು. ಚಂದದ ಹೆಸರಿಟ್ರ ಸಾವು ಕಣ್ಣು ಹಾಕತೈತಿ. ಇದು ಕಲ್ಲು, ಇದನ್ನೇನು ಒಯ್ತಿ, ಬಿಟ್ಟು ಹೋಗು ಅಂತ ಅದಕ್ಕ ಸುಳ್ಳು ಹೇಳೂದು. ಬೈಗುಳ ಅಲ್ಲವಾ ಅದು. ಅಂಥಾಕಿ ತನ್ನ ಕೂಸನ್ನ ಗೇಟಿನ್ಯಾಗ ಕುಂಡ್ರಿಸಿ ಹೋಗಿದ್ರ, ತನ್ನ ಹತ್ರ ಇದ್ರ ಇದೂ ಉಳಿಯೂದಿಲ್ಲ ಅಂತ ಗೊತ್ತಾಗೇ ಹೋಗಿರಬೇಕು. ಆಕಿ ಎಷ್ಟು ಕೂಸು ಮಣ್ಣು ಮಾಡ್ಯಾಳೋ, ಒಮ್ಮೆರ ಕೇಳಿದೇನ ನೀ?

ನಾ ಹೆಂಗ ಬಲ್ಲೆ ಅಂದ್ರ, ಮುರಿಗೆಪ್ಪನ ಮುಂಚೆ ನನಗ ಎರಡು ಹುಟ್ಟಿ ಹೋದವು. ಇವ ಹುಟ್ಟಿದಾಗ ಕಾಳು ಕೇರೂ ಮರದಾಗ ಹಾಕ್ಕೊಂಡು ಒಯ್ದು ತಿಪ್ಪಿ ಮ್ಯಾಲೆ ಇಟ್ಟು ಬಂದ್ವಿ. ಓಣಿ ಮುದುಕಿ ಒಬ್ಬಾಕಿ ಎತ್ತಿಕೊಂಡ್ಲು. ಆಕಿ ಕೈಯಾಗ ತೌಡು ಕೊಟ್ಟು, ಕೊಂಡಂಗ ಮಾಡಿ ತಿರುಗಿ ತಗೊಂಡೆ. ಐದು ವರ್ಷದ ತನಕ ತಿಪ್ಪ್ಯಾ ಅಂತನ ಕರದೀನಿ. ನಿನ್ನಿ ಊಟಕ್ಕ ಕುಂತಾಗ ಅವ ಮತ್ತ ಆ ಕೂಸಿನ ಮಾತು ತಗದು ಚೇಳು ಅಂದ. ನಾ ರೊಟ್ಟಿ ಬಡಿಯೂದು ಬಿಟ್ಟು ಎದ್ದು ನಿಂತೆ. "ಏ ತಿಪ್ಪ್ಯಾ! ಯಾವ ತಿಪ್ಪಿ ಮ್ಯಾಲಿಂದ ತಂದಾರಂತ ಕೇಳತಿದ್ದೆಲ್ಲ, ನಿನ್ನನ್ನ ಹಿಂದಿನ ಓಣಿ ತಿಪ್ಪಿ ಮ್ಯಾಲಿಂದ ತಂದೀನಿ, ನೋಡಿ ಬಾ ಹೋಗು" ಅಂದೆ. ಮೊಮ್ಮಕ್ಕಳೆಲ್ಲ ನಕ್ಕುವು. ಅವ ಅರ್ಧ ಊಟಕ್ಕ ಕೈ ತೊಳಕೊಂಡ. ತೊಳಕೊಳ್ಳಲಿ.

ಕೋರ್ಟಿನ್ಯಾಗ ಧೋಂಡೂ ಅಂತನ ಬರಸು. ಸಾಲ್ಯಾಗ ಯಾರರ ನಕ್ರ ಅದರ ಅರ್ಥ ಏನಂತ ಆಕಿಗೇ ಕಲಸು, ಆಕಿನ ಹೇಳಲಿ. ಲಿಂಗ ಕಟ್ಟೂದು ಆಕಿ ದೊಡ್ಡಾಕಿ ಆಗಿ ತಾನ ಕೇಳಿದಾಗ ನೋಡೂಣು.

ನಾ ಬರಾಕತ್ತೀನಿ. ದೀಪಾವಳಿ ಮುಂದ ಸೋಲಾಪುರದಿಂದ ಗಾಡಿ ಹತ್ತತೀನಿ, ಕಾಂತಪ್ಪಗ ದಾದರಿಗೆ ಬರಾಕ ಹೇಳು. ಕೂಸಿಗೆ ಮುಂಚೇನ ಅಜ್ಜಿ, ಅಜ್ಜಿ ಅಂತ ಬಾಯಿಪಾಠ ಮಾಡಸಬ್ಯಾಡ, ಬಂದ್ರ ತಾನ ಬರತೈತಿ. ನಾ ಹೊಸ್ತಿಲಾ ದಾಟಿ ಆಕಿ ಮುಂದ ಕುಂಡ್ರತೀನಿ, ಆಕಿ ಹೆಸರು ಕೇಳತೀನಿ. ಆಕಿ ನನ್ನ ಹೆಸರು ಕೇಳಿದ್ರ ಶರಣವ್ವ ಅಂತೀನಿ. ಆಕಿ ಒಮ್ಮೆ ನನ್ನ ಹೆಸರ ಹಿಡದು ಕರೀಲಿ. ಹಿರೇರ ಹೆಸರ ಹಿಡೀಬಾರದು ಅಂತ ನೀ ನಡುವ ಬಾಯಿ ಹಾಕಿದಿ ಅಂದ್ರ ನೋಡು ಮತ್ತ.